ಎಚ್‌-4 ಕಡತ ಎರಡು ವರ್ಷ ಎಲ್ಲಿತ್ತು? ಅಮೆರಿಕ ಅಧ್ಯಕ್ಷರ ಆದೇಶಗಳೂ ನಿಯಮಗಳ ಹೆಬ್ಬಾಗಿಲೂ

2025ರ ಸೆಪ್ಟೆಂಬರ್ 19, ಶುಕ್ರವಾರ. ಹೊಸ ಎಚ್‌-1ಬಿ ಕೆಲಸದ ವೀಸಾ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಹೇರುವ ಘೋಷಣೆಗೆ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದರು. ಜಾರಿಯಾಗಬೇಕಿದ್ದದ್ದು ಶನಿವಾರ ಕಳೆದು ಭಾನುವಾರ ಹುಟ್ಟುವ ಹೊತ್ತಿಗೆ, ರಾತ್ರಿ 12.01ಕ್ಕೆ. ರಜೆಗೆಂದು ಊರಿಗೆ ಬಂದಿದ್ದ ಟೆಕ್ಕಿಗಳು ಸಿಕ್ಕ ವಿಮಾನ ಹತ್ತಿ ವಾಪಸ್ ಓಡಿದರು. ಇದು ವರ್ಷವರ್ಷವೂ ಕಟ್ಟಬೇಕಾದ ಶುಲ್ಕ ಎಂದು ಅಲ್ಲಿನ ವಾಣಿಜ್ಯ ಸಚಿವರು ಹೇಳಿದ್ದರು. ಹಾಗಲ್ಲ, ಒಂದೇ ಸಲ, ಅದೂ ಹೊಸ ಅರ್ಜಿಗೆ ಮಾತ್ರ ಎಂದು ಶ್ವೇತಭವನ ಮರುದಿನ ತಿದ್ದಿತು.

ಇದಾದ ಐದು ದಿನಕ್ಕೆ ಅದೇ ಎಚ್‌-1ಬಿಗೆ ಸಂಬಂಧಿಸಿದ ಇನ್ನೊಂದು ಕಾಗದ ಹೊರಬಿತ್ತು. ಅರ್ಜಿಗಳನ್ನು ಆರಿಸುವ ಲಾಟರಿಯಲ್ಲಿ ಹೆಚ್ಚು ಸಂಬಳದವರಿಗೆ ಹೆಚ್ಚು ಅವಕಾಶ ಕೊಡುವ ಕರಡು ನಿಯಮ ಅದು. ಇದಕ್ಕೆ ಮಾತ್ರ ಆಕ್ಷೇಪಣೆ ಸಲ್ಲಿಸಲು 30 ದಿನ ಕೊಟ್ಟರು. ಅಂತಿಮ ನಿಯಮ ಬಂದದ್ದು ಡಿಸೆಂಬರ್ ಕೊನೆಗೆ, ಜಾರಿಯ ದಿನ 2026ರ ಫೆಬ್ರುವರಿ 27. ಒಂದೇ ಸರ್ಕಾರ, ಒಂದೇ ವೀಸಾ. ಒಂದು ಕೆಲಸ ಎರಡು ದಿನದೊಳಗೆ ಮುಗಿಯಿತು, ಇನ್ನೊಂದಕ್ಕೆ ಐದು ತಿಂಗಳು ಹಿಡಿಯಿತು. ‘ಟ್ರಂಪ್ ಆದೇಶ’ ಎಂಬ ಒಂದೇ ತಲೆಬರಹದಡಿ ಎರಡನ್ನೂ ಓದಿದವರಿಗೆ ಗೊಂದಲವಾದದ್ದು ಸಹಜ.

ಮೂರು ಕಾಗದ, ಮೂರು ತೂಕ

ಅಧ್ಯಕ್ಷರ ಮೇಜಿನಿಂದ ಹೊರಡುವ ಕಾಗದಗಳೆಲ್ಲ ಒಂದೇ ಜಾತಿಯವಲ್ಲ. 1 ಲಕ್ಷ ಡಾಲರ್ ಶುಲ್ಕದ್ದು ಘೋಷಣೆ. ವಿದೇಶಿಯರ ಪ್ರವೇಶವನ್ನು ತಡೆಯುವ ಅಧಿಕಾರವನ್ನು ವಲಸೆ ಕಾಯ್ದೆಯೇ ನೇರವಾಗಿ ಅಧ್ಯಕ್ಷರ ಕೈಗೆ ಕೊಟ್ಟಿದೆ. ಆ ಅಧಿಕಾರ ಬಳಸುವಾಗ ಅವರು ಯಾವ ಇಲಾಖೆಯನ್ನೂ ಕಾಯಬೇಕಿಲ್ಲ. ಕಾಯ್ದೆ ಕೊಟ್ಟ ಅಧಿಕಾರ ಶುಲ್ಕ ವಿಧಿಸುವವರೆಗೂ ಚಾಚುತ್ತದೆಯೇ ಎಂಬುದೇ ಈ ಶುಲ್ಕದ ವಿರುದ್ಧ ಹೂಡಿದ ಮೊಕದ್ದಮೆಗಳ ತಿರುಳು. ವಾಷಿಂಗ್ಟನ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯ 2025ರ ಡಿಸೆಂಬರ್‌ನಲ್ಲಿ ಈ ವಿಷಯದಲ್ಲಿ ಸರ್ಕಾರದ ಪರ ನಿಂತಿತು.

ಎರಡನೆಯದು ಕಾರ್ಯಾದೇಶ, ಅಂದರೆ ಎಕ್ಸಿಕ್ಯುಟಿವ್ ಆರ್ಡರ್. ಇದು ಅಧ್ಯಕ್ಷರು ತಮ್ಮ ಕೈಕೆಳಗಿನ ಅಧಿಕಾರಿಗಳಿಗೆ ಕೊಡುವ ಸೂಚನೆ. ಜನಸಾಮಾನ್ಯರನ್ನಾಗಲಿ ಕಂಪನಿಗಳನ್ನಾಗಲಿ ಇದು ಸಾಮಾನ್ಯವಾಗಿ ನೇರವಾಗಿ ಕಟ್ಟಿಹಾಕುವುದಿಲ್ಲ. ‘ವಾಹನಗಳ ಹೊಗೆ ಮಿತಿ ಸಡಿಲಿಸಿ’ ಎಂದು ಅಧ್ಯಕ್ಷರು ಬರೆದ ಮಾತ್ರಕ್ಕೆ ಮಿತಿ ಸಡಿಲವಾಗುವುದಿಲ್ಲ; ಪರಿಸರ ಇಲಾಖೆಯವರು ಆ ಕೆಲಸಕ್ಕೆ ಕೈಹಾಕುತ್ತಾರೆ, ಅಷ್ಟೆ.

ಮೂರನೆಯದು ನಿಯಮ. ಸಂಸತ್ತು ಮಾಡಿದ ಕಾಯ್ದೆಯಡಿ ಇಲಾಖೆಗಳು ರೂಪಿಸುವ ಇದಕ್ಕೆ ಕಾನೂನಿನಷ್ಟೇ ಬಲ. 1946ರ ಆಡಳಿತ ಕಾರ್ಯವಿಧಾನ ಕಾಯ್ದೆ ಇದಕ್ಕೊಂದು ದಾರಿ ಹಾಕಿಕೊಟ್ಟಿದೆ: ಫೆಡರಲ್ ರಿಜಿಸ್ಟರ್ ಎಂಬ ಅಲ್ಲಿನ ರಾಜ್ಯಪತ್ರದಲ್ಲಿ ಕರಡು ಪ್ರಕಟಿಸಬೇಕು, ಸಾರ್ವಜನಿಕರ ಅಭಿಪ್ರಾಯ ಕೇಳಬೇಕು, ಮುಖ್ಯ ಆಕ್ಷೇಪಗಳಿಗೆ ಉತ್ತರ ಬರೆದು ಅಂತಿಮ ನಿಯಮ ಹೊರಡಿಸಬೇಕು. ಹಳೆಯ ನಿಯಮವನ್ನು ರದ್ದು ಮಾಡುವುದಕ್ಕೂ ಇದೇ ದಾರಿ. ನಮ್ಮಲ್ಲೂ ಕರಡು ನಿಯಮ ರಾಜ್ಯಪತ್ರದಲ್ಲಿ ಬಂದು ಆಕ್ಷೇಪಣೆಗೆ ಇಷ್ಟು ದಿನ ಎಂದು ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ವ್ಯತ್ಯಾಸವೆಂದರೆ ಅಲ್ಲಿ ಆಕ್ಷೇಪಣೆಗೆ ಸರಿಯಾಗಿ ಉತ್ತರಿಸದಿದ್ದರೆ ನಿಯಮವೇ ಕೋರ್ಟಿನಲ್ಲಿ ಬಿದ್ದುಹೋಗಬಹುದು.

ನಿಯಮ ಬರೆಯುವ ಅಧಿಕಾರವನ್ನು ಕಾಯ್ದೆಗಳು ಇಲಾಖೆಗಳಿಗೆ ಕೊಟ್ಟಿರುವಾಗ ಅಧ್ಯಕ್ಷರ ಕೈ ಎಲ್ಲಿಂದ ಬಂತು?

ರೇಗನ್ ನಿಲ್ಲಿಸಿದ ಬಾಗಿಲು

ಶ್ವೇತಭವನದ ಆಯವ್ಯಯ ಕಚೇರಿಯೊಳಗೆ ‘ಒಐರಾ’ ಎಂಬ ಚಿಕ್ಕ ವಿಭಾಗವಿದೆ. ಮಾಹಿತಿ ಮತ್ತು ನಿಯಂತ್ರಣ ವ್ಯವಹಾರಗಳ ಕಚೇರಿ ಎಂಬುದು ಪೂರ್ತಿ ಹೆಸರಿನ ಅರ್ಥ. ಸಿಬ್ಬಂದಿ ಐವತ್ತರ ಆಸುಪಾಸು. 1980ರಲ್ಲಿ ಸಂಸತ್ತು ಇದನ್ನು ಹುಟ್ಟುಹಾಕಿದ್ದು ಸರ್ಕಾರಿ ಫಾರಂಗಳ ಕಾಟ ತಗ್ಗಿಸಲಿಕ್ಕೆ. ಜನರಿಂದ ಇಲಾಖೆಗಳು ಬೇಕಾಬಿಟ್ಟಿ ಮಾಹಿತಿ ಕೇಳಬಾರದು ಎನ್ನುವ ಕಾಯ್ದೆಯ ಕೂಸು ಇದು.

ಮರುವರ್ಷ, ಅಧಿಕಾರಕ್ಕೆ ಬಂದು ತಿಂಗಳೂ ತುಂಬದಿದ್ದಾಗ, ರೊನಾಲ್ಡ್ ರೇಗನ್ 12291 ಸಂಖ್ಯೆಯ ಕಾರ್ಯಾದೇಶಕ್ಕೆ ಸಹಿ ಹಾಕಿದರು. ದೊಡ್ಡ ನಿಯಮ ಯಾವುದೇ ಇರಲಿ, ಪ್ರಕಟಿಸುವ ಮೊದಲು ಆಯವ್ಯಯ ಕಚೇರಿಗೆ ಕಳುಹಿಸಿ; ಅದರಿಂದ ಸಮಾಜಕ್ಕಾಗುವ ಲಾಭ ವೆಚ್ಚಕ್ಕಿಂತ ಹೆಚ್ಚಿದೆಯೆಂದು ತೋರಿಸಿ ಎಂಬುದು ಅದರ ಸಾರ. ನಿಕ್ಸನ್, ಫೋರ್ಡ್, ಕಾರ್ಟರ್ ಕಾಲದಲ್ಲೂ ಇಂಥ ಪ್ರಯತ್ನಗಳಿದ್ದವು, ಆದರೆ ಅವುಗಳಿಗೆ ಹಲ್ಲಿರಲಿಲ್ಲ. ರೇಗನ್ ಆದೇಶ ಬಾಗಿಲು ನಿಲ್ಲಿಸಿ ಕೀಲಿಕೈಯನ್ನು ಒಐರಾಗೆ ಕೊಟ್ಟಿತು. ಕರ್ನಾಟಕದ ಸಚಿವಾಲಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಯಾವ ಇಲಾಖೆಯ ಯೋಜನೆಯೇ ಆದರೂ ಕಡತ ಆರ್ಥಿಕ ಇಲಾಖೆಯ ಸಹಮತಿಗೆ ಹೋಗಬೇಕು. ಹೋದದ್ದು ಯಾವಾಗ ಬರುತ್ತದೆ ಎಂಬುದು ಬೇರೆ ಮಾತು.

ಆ ದಶಕದಲ್ಲಿ ದೂರುಗಳು ಬೆಳೆದವು. ಬಾಗಿಲೊಳಗೆ ಯಾರು ಯಾರನ್ನು ಭೇಟಿಯಾದರು, ಯಾವ ಸಾಲನ್ನು ಯಾರು ಅಳಿಸಿದರು ಎಂಬುದು ಹೊರಗೆ ತಿಳಿಯುತ್ತಿರಲಿಲ್ಲ. ಡೆಮಾಕ್ರಟ್ ಬಿಲ್ ಕ್ಲಿಂಟನ್ ಬಂದಾಗ ಈ ಬಾಗಿಲನ್ನೇ ಕಿತ್ತುಹಾಕುತ್ತಾರೆಂದು ಹಲವರು ಎಣಿಸಿದ್ದರು. ಅವರು ಕಿತ್ತುಹಾಕಲಿಲ್ಲ, ಕಿಟಕಿ ಇಡಿಸಿದರು. 1993ರ ಸೆಪ್ಟೆಂಬರ್ 30ರ ಆದೇಶ 12866ರ ಪ್ರಕಾರ ಹೊರಗಿನವರ ಭೇಟಿಗಳು ದಾಖಲಾಗಬೇಕು, ಒಐರಾ ಹೇಳಿ ಮಾಡಿಸಿದ ಬದಲಾವಣೆಗಳು ಬಹಿರಂಗವಾಗಬೇಕು, ಪರಿಶೀಲನೆ 90 ದಿನದೊಳಗೆ ಮುಗಿಯಬೇಕು. ಎಲ್ಲ ನಿಯಮಗಳನ್ನೂ ತರಬೇಕಿಲ್ಲ; ಅರ್ಥವ್ಯವಸ್ಥೆಯ ಮೇಲೆ ವರ್ಷಕ್ಕೆ 10 ಕೋಟಿ ಡಾಲರ್ ಅಥವಾ ಹೆಚ್ಚಿನ ಪರಿಣಾಮ ಬೀರುವಂಥವು, ಇಲ್ಲವೇ ಬೇರೆ ಕಾರಣಕ್ಕೆ ಮಹತ್ವದವು ಬಂದರೆ ಸಾಕು. ವರ್ಷಕ್ಕೆ ಸುಮಾರು 3,000 ಅಂತಿಮ ನಿಯಮಗಳು ಹೊರಡುವ ದೇಶದಲ್ಲಿ ಒಐರಾ ಕೈಗೆ ಬರುವುದು ಕೆಲವು ನೂರು ಮಾತ್ರ. ಜಗಳವಾಗುವುದೆಲ್ಲ ಆ ಕೆಲವು ನೂರರ ಮೇಲೆ.

12866 ಇವತ್ತಿಗೂ ಜಾರಿಯಲ್ಲಿದೆ. ಆಮೇಲೆ ಬಂದ ಅಧ್ಯಕ್ಷರು ಅದಕ್ಕೆ ತೇಪೆ ಹಚ್ಚಿದ್ದಾರೆ, ಹಿಂದಿನವರ ತೇಪೆ ಕಿತ್ತಿದ್ದಾರೆ. 2007ರಲ್ಲಿ ಜಾರ್ಜ್ ಬುಷ್ ಮಾಡಿದ ತಿದ್ದುಪಡಿಯನ್ನು ಒಬಾಮ 2009ರ ಜನವರಿಯಲ್ಲೇ ತೆಗೆದರು. 2023ರಲ್ಲಿ ಬೈಡನ್ 10 ಕೋಟಿಯ ಮಿತಿಯನ್ನು 20 ಕೋಟಿಗೆ ಏರಿಸಿದರು. ಎರಡನೇ ಅವಧಿಯ ಮೊದಲ ದಿನವೇ ಟ್ರಂಪ್ ಅದನ್ನು ಅಳಿಸಿದರು.

ತಡೆಹಿಡಿದರೆ ಸಾಕು

ಒಐರಾಗೆ ನಿಯಮ ಬರೆಯುವ ಅಧಿಕಾರವಿಲ್ಲ. ಆದರೆ ಕಡತ ಇಟ್ಟುಕೊಳ್ಳಬಲ್ಲದು. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಮಾತಿಗೆ ವಾಷಿಂಗ್ಟನ್‌ನಲ್ಲೊಂದು ಉದಾಹರಣೆ ಬೇಕಾದರೆ ಎಚ್‌-4 ಪ್ರಕರಣ ನೋಡಬಹುದು.

ಎಚ್‌-1ಬಿ ನೌಕರರ ಸಂಗಾತಿಗಳಿಗೆ ಸಿಗುವ ವೀಸಾ ಎಚ್‌-4. ಈ ಸಂಗಾತಿಗಳಿಗೆ, ನೌಕರರ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ, ಕೆಲಸ ಮಾಡುವ ಅನುಮತಿ ಕೊಟ್ಟದ್ದು ಒಬಾಮ ಕಾಲದ ನಿಯಮ. ಜಾರಿಯಾದದ್ದು 2015ರ ಮೇ 26ರಂದು. ಮೊದಲ ಎರಡೂವರೆ ವರ್ಷಗಳಲ್ಲಿ 90 ಸಾವಿರಕ್ಕೂ ಹೆಚ್ಚು ಮಂದಿಗೆ ಅನುಮತಿ ಸಿಕ್ಕಿತು. ಅವರಲ್ಲಿ ಶೇ 90ಕ್ಕಿಂತ ಹೆಚ್ಚಿನವರು ಭಾರತದಲ್ಲಿ ಹುಟ್ಟಿದವರು, ಬಹುಪಾಲು ಹೆಂಗಸರು. ಎಂಜಿನಿಯರಿಂಗ್ ಓದಿ, ಮದುವೆಯಾಗಿ ಹೋಗಿ, ವರ್ಷಗಟ್ಟಲೆ ಮನೆಯಲ್ಲಿ ಕುಳಿತಿದ್ದ ಎಷ್ಟೋ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಹೆಣ್ಣುಮಕ್ಕಳಿಗೆ ಇದು ಕೆಲಸಕ್ಕೆ ಮರಳುವ ದಾರಿಯಾಯಿತು.

ಟ್ರಂಪ್ ಮೊದಲ ಅವಧಿಯಲ್ಲಿ ಇದನ್ನು ರದ್ದು ಮಾಡುವುದಾಗಿ ಆಂತರಿಕ ಭದ್ರತಾ ಇಲಾಖೆ ಹೇಳುತ್ತಲೇ ಇತ್ತು. ಆದರೆ ಇದ್ದದ್ದು ನಿಯಮ. ತೆಗೆಯಲು ಇನ್ನೊಂದು ನಿಯಮವೇ ಬೇಕು. ಅದರ ಕರಡು 2019ರ ಫೆಬ್ರುವರಿ 20ರಂದು ಒಐರಾಗೆ ಹೋಯಿತು. ತೊಂಬತ್ತು ದಿನ ಕಳೆಯಿತು. ಒಂದು ವರ್ಷ ಕಳೆಯಿತು. ಕಡತ ಅಲ್ಲೇ. 2021ರ ಜನವರಿ 20ರಂದು ಸರ್ಕಾರ ಬದಲಾಯಿತು, 25ರಂದು ಕರಡನ್ನು ವಾಪಸ್ ಪಡೆದರು. ಸಾರ್ವಜನಿಕರಿಗೆ ಅದರ ಒಂದು ಸಾಲೂ ಕಾಣಸಿಗಲಿಲ್ಲ.

ಇದು ಹೇಗೆ ಸಾಧ್ಯವಾಯಿತು? 12866 ಹೇಳುವ ಗಡುವಿಗೆ ಒಂದು ಹಿಂಬಾಗಿಲಿದೆ. ಆಯವ್ಯಯ ಕಚೇರಿಯ ಮುಖ್ಯಸ್ಥರು ತಾವಾಗಿ ವಿಸ್ತರಿಸುವುದಾದರೆ 30 ದಿನ, ಅದೂ ಒಂದೇ ಬಾರಿ. ಆದರೆ ನಿಯಮ ಕಳುಹಿಸಿದ ಇಲಾಖೆಯ ಮುಖ್ಯಸ್ಥರೇ ಕೇಳಿಕೊಂಡರೆ ಎಷ್ಟು ದಿನ ಎಂಬ ಮಿತಿ ಅಲ್ಲಿ ಬರೆದಿಲ್ಲ. ಅಧ್ಯಕ್ಷರೇ ನೇಮಿಸಿದ ಇಲಾಖೆ ಮುಖ್ಯಸ್ಥರಿಂದ ಇಂಥ ಕೋರಿಕೆ ಬರುವಂತೆ ಮಾಡುವುದು ಶ್ವೇತಭವನಕ್ಕೆ ಕಷ್ಟದ ಕೆಲಸವೇನಲ್ಲ. ಗಡುವು ಮೀರಿತೆಂದು ಕೋರ್ಟಿಗೆ ಹೋಗುವಂತೆಯೂ ಇಲ್ಲ. ಈ ಆದೇಶ ಯಾರಿಗೂ ನ್ಯಾಯಾಲಯದಲ್ಲಿ ಸಾಧಿಸಬಹುದಾದ ಹಕ್ಕು ಕೊಡುವುದಿಲ್ಲವೆಂದು ಅದರಲ್ಲೇ ಬರೆದಿದೆ. ಕಾಯ್ದೆಯೇ ಗಡುವು ಹಾಕಿದ್ದರೆ ಮಾತ್ರ ಲೆಕ್ಕ ಬೇರೆ. ಅಂಥ ಗಡುವು ಮೀರುವಂತೆ ಒಐರಾ ತಡೆಹಿಡಿಯಕೂಡದು ಎಂದು 1986ರಲ್ಲೇ ಫೆಡರಲ್ ನ್ಯಾಯಾಲಯವೊಂದು ಹೇಳಿದೆ.

ಎಚ್‌-4 ಕುಟುಂಬಗಳಿಗೆ ಆ ವಿಳಂಬ ವರವಾಯಿತು. ಗಣಿ ಕಾರ್ಮಿಕರ ಸುರಕ್ಷತೆಯದೋ ಕುಡಿಯುವ ನೀರಿನದೋ ನಿಯಮ ಹೀಗೆಯೇ ಕೂತರೆ ಅದೇ ವಿಳಂಬ ಬೇರೆ ಯಾರಿಗೋ ಶಾಪ. ಬಾಗಿಲಿಗೆ ಪಕ್ಷವಿಲ್ಲ, ಕಾವಲಿನವರಿಗಿದೆ.

ಚೀಟಿ ಲೆಕ್ಕದಷ್ಟು ಸರಳ, ಅಷ್ಟೇ ಜಟಿಲ

ತಡೆಹಿಡಿಯುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಇದಕ್ಕಿಂತ ಆಳವಾದ ಅಧಿಕಾರ ಇನ್ನೊಂದಿದೆ: ಲಾಭ-ವೆಚ್ಚ ಅಳೆಯುವ ಕೋಲು ಯಾವುದು ಎಂದು ನಿರ್ಧರಿಸುವುದು. ಪತ್ರಿಕೆಗಳ ಮುಖಪುಟಕ್ಕೆ ಇದು ಬರುವುದೇ ಇಲ್ಲ.

ಚೀಟಿ ಹಾಕಿದವರಿಗೆ ಇದು ಗೊತ್ತು. ಮುಂದೆಂದೋ ಬರುವ ಹಣವನ್ನು ಇವತ್ತೇ ಎತ್ತಬೇಕಾದರೆ ಒಂದಿಷ್ಟು ಬಿಟ್ಟುಕೊಡಬೇಕು. ಸರ್ಕಾರಿ ಲೆಕ್ಕದಲ್ಲೂ ಹಾಗೆಯೇ. ಮಾಲಿನ್ಯ ತಡೆಯುವ ಯಂತ್ರಕ್ಕೆ ಖರ್ಚು ಇವತ್ತು. ಅದರಿಂದ ಉಳಿಯುವ ಜೀವ, ತಪ್ಪುವ ನೆರೆ, ಬರ ಐವತ್ತು ವರ್ಷ ಆಚೆಗೆ. ಆ ಲಾಭಕ್ಕೆ ಇವತ್ತಿನ ಬೆಲೆ ಎಷ್ಟು? ವರ್ಷಕ್ಕೆ ಶೇ 2ರಂತೆ ತಗ್ಗಿಸಿದರೆ ಐವತ್ತು ವರ್ಷದ ನಂತರದ 100 ಡಾಲರ್ ಇವತ್ತಿಗೆ ಸುಮಾರು 37 ಡಾಲರ್. ಶೇ 3ರಂತೆ ಸುಮಾರು 23. ಶೇ 7ರಂತೆ ಹಿಡಿದರೆ ಮೂರೂವರೆ ಡಾಲರೂ ಇಲ್ಲ. ಈಗ ಆ ಯಂತ್ರಕ್ಕೆ 20 ಡಾಲರ್ ಖರ್ಚು ಎಂದುಕೊಳ್ಳಿ. ಮೊದಲ ಎರಡು ಲೆಕ್ಕದಲ್ಲಿ ನಿಯಮ ಪಾಸು, ಮೂರನೆಯದರಲ್ಲಿ ಫೇಲು. ವಿಜ್ಞಾನ ಬದಲಾಗಿಲ್ಲ, ಹೊಗೆ ಬದಲಾಗಿಲ್ಲ.

2003ರಿಂದ ಆಯವ್ಯಯ ಕಚೇರಿಯ ‘ಎ-4’ ಸುತ್ತೋಲೆ ಶೇ 3 ಮತ್ತು ಶೇ 7 ಎರಡರಲ್ಲೂ ಲೆಕ್ಕ ತೋರಿಸಿ ಎನ್ನುತ್ತಿತ್ತು. ಬೈಡನ್ ಸರ್ಕಾರ 2023ರಲ್ಲಿ ಅದನ್ನು ಶೇ 2ಕ್ಕೆ ತಂದಿತು. ಟ್ರಂಪ್ 2025ರ ಜನವರಿ 31ರ ಆದೇಶದಲ್ಲಿ ಆ ಸುತ್ತೋಲೆ ರದ್ದು ಮಾಡಿ 2003ರದ್ದನ್ನೇ ಮರಳಿ ತರಲು ಹೇಳಿದರು. ಒಂದು ಟನ್ ಇಂಗಾಲದ ಡೈಆಕ್ಸೈಡ್‌ನಿಂದ ಆಗುವ ಹಾನಿಗೆ ಕಟ್ಟುವ ಬೆಲೆಯೂ ಇಂಥದೇ ಆಟ: ಟ್ರಂಪ್ ಮೊದಲ ಅವಧಿಯಲ್ಲಿ 1ರಿಂದ 7 ಡಾಲರ್, ಬೈಡನ್ ಬಂದ ಹೊಸದರಲ್ಲಿ 51, 2023ರ ಕೊನೆಗೆ ಪರಿಸರ ಇಲಾಖೆಯ ಲೆಕ್ಕದಲ್ಲಿ 190. ಟ್ರಂಪ್ ಮತ್ತೆ ಬಂದ ದಿನವೇ ಇದರ ಮೇಲೆ ಕೆಲಸ ಮಾಡುತ್ತಿದ್ದ ಅಂತರ-ಇಲಾಖಾ ಗುಂಪನ್ನು ವಿಸರ್ಜಿಸಿದರು.

ಇದನ್ನೆಲ್ಲ ಓದಿ, ಈ ಲೆಕ್ಕಾಚಾರವೇ ಉದ್ಯಮಿಗಳ ಪರ ಹೂಡಿದ ತಂತ್ರ ಎಂದು ತೀರ್ಮಾನಿಸುವುದು ಅವಸರವಾದೀತು. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಅಮೆರಿಕ ತೀವ್ರವಾಗಿ ಕಡಿಮೆ ಮಾಡಿದ್ದು 1985ರಲ್ಲಿ, ಅದೇ ರೇಗನ್ ಕಾಲದಲ್ಲಿ. ಮೊದಲಿಗೆ ಸೀಸದ ಮಿತಿ ಸಡಿಲಿಸುವ ಮಾತಾಡುತ್ತಿದ್ದ ಸರ್ಕಾರ, ಮಕ್ಕಳ ಆರೋಗ್ಯದ ಲಾಭವನ್ನು ಡಾಲರಿನಲ್ಲಿ ಕಟ್ಟಿ ನೋಡಿದಾಗ ವೆಚ್ಚಕ್ಕಿಂತ ಅದು ಎಷ್ಟೋ ಪಟ್ಟು ಹೆಚ್ಚಿತ್ತು. ಗ್ಯಾಲನ್ನಿಗೆ 1.10 ಗ್ರಾಂ ಇದ್ದ ಮಿತಿ 1986ರ ಜನವರಿಯಿಂದ 0.10 ಗ್ರಾಂಗೆ ಇಳಿಯಿತು. ಟೀಕಾಕಾರರ ಮಾತಿನಲ್ಲೂ ಹುರುಳಿದೆ: ವೆಚ್ಚದ ಬಿಲ್ಲನ್ನು ಕಂಪನಿಗಳು ರೂಪಾಯಿ-ಪೈಸೆಯವರೆಗೆ ತಂದು ಕೊಡುತ್ತವೆ, ತಪ್ಪಿದ ಕಾಯಿಲೆಗೆ ಬಿಲ್ಲು ತರುವವರು ಯಾರೂ ಇಲ್ಲ.

ಒಂದು ಬೇಕಾದರೆ ಹತ್ತು ಬಿಡಿ

ಅದೇ ಜನವರಿ 31ರ ಆದೇಶದ (ಸಂಖ್ಯೆ 14192) ಹೆಚ್ಚು ಸುದ್ದಿಯಾದ ಭಾಗ ಇದು: ಒಂದು ಹೊಸ ನಿಯಮ ತರುವ ಇಲಾಖೆ ಕನಿಷ್ಠ ಹತ್ತು ಹಳೆಯದನ್ನು ತೆಗೆಯಲು ಗುರುತಿಸಬೇಕು. 2017ರಲ್ಲಿ ಟ್ರಂಪ್ ಹೇಳಿದ್ದು ಒಂದಕ್ಕೆ ಎರಡು. ಬೈಡನ್ ಅದನ್ನು ಮೊದಲ ದಿನವೇ ರದ್ದು ಮಾಡಿದ್ದರು. ಈಗಿನದು ಅದರ ಐದು ಪಟ್ಟು.

ಕೇಳಲು ಭಾರಿ ಎನಿಸುವ ಈ ಸಂಖ್ಯೆಯ ಒಳಗುಟ್ಟು ವ್ಯಾಖ್ಯೆಯಲ್ಲಿದೆ. ಆದೇಶದ ಪ್ರಕಾರ ‘ನಿಯಮ’ ಎಂದರೆ ಮಾರ್ಗಸೂಚಿ, ಜ್ಞಾಪನ, ನೀತಿ ಹೇಳಿಕೆಗಳೂ ಸೇರುತ್ತವೆ. ಮಾರ್ಗಸೂಚಿ ತೆಗೆಯಲು ಕರಡು, ಆಕ್ಷೇಪಣೆಗಳ ರಗಳೆ ಸಾಮಾನ್ಯವಾಗಿ ಇಲ್ಲ. ನಿಜವಾದ ಹತ್ತು ನಿಯಮ ತೆಗೆಯಬೇಕಾದರೆ ಹತ್ತು ಸಲ 1946ರ ಕಾಯ್ದೆಯ ದಾರಿ ತುಳಿಯಬೇಕು, ಹತ್ತು ಮೊಕದ್ದಮೆ ಎದುರಿಸಬೇಕು. ಹಾಗಾಗಿ ಈ ಆದೇಶದ ನೇರ ಪರಿಣಾಮ ಹಳೆಯದನ್ನು ಕಿತ್ತುಹಾಕುವುದಕ್ಕಿಂತ ಹೊಸದನ್ನು ಹುಟ್ಟದಂತೆ ಮಾಡುವುದು ಎಂದು ನೋಡುವುದೇ ಸರಿ. ಹತ್ತರ ಲೆಕ್ಕ ಹೊಂದಿಸುವ ತಲೆನೋವು ಬೇಡವೆಂದು ಇಲಾಖೆಗಳು ಹೊಸ ನಿಯಮಕ್ಕೆ ಕೈಹಾಕುವುದನ್ನೇ ಬಿಡಬಹುದು.

ಇನ್ನೊಂದು ವಿನಾಯಿತಿ ನಮ್ಮವರು ಗಮನಿಸಬೇಕಾದದ್ದು. ಸೇನೆ, ರಾಷ್ಟ್ರೀಯ ಭದ್ರತೆ, ವಿದೇಶಾಂಗದ ಜೊತೆಗೆ ವಲಸೆ ಸಂಬಂಧಿ ನಿಯಮಗಳಿಗೂ ಈ ಹತ್ತರ ಲೆಕ್ಕ ಅನ್ವಯಿಸುವುದಿಲ್ಲ. ‘ಟ್ರಂಪ್ ನಿಯಮ ಕಡಿತ ಮಾಡುತ್ತಿದ್ದಾರೆ, ಹಾಗಾಗಿ ವೀಸಾ ನಿಯಮವೂ ಸಡಿಲವಾಗಬಹುದು’ ಎಂಬ ಆಸೆಗೆ ಈ ಆದೇಶದಲ್ಲಿ ಆಧಾರವಿಲ್ಲ. ವೀಸಾ ವಿಷಯದಲ್ಲಿ ಎಷ್ಟು ಬೇಕಾದರೂ ಬಿಗಿ ನಿಯಮ ಸೇರಿಸಲು ದಾರಿ ತೆರೆದೇ ಇದೆ.

ಸ್ವತಂತ್ರ ಸಂಸ್ಥೆಗಳ ಕೊರಳಿಗೂ ಹಗ್ಗ

ರೇಗನ್‌ರಿಂದ ಬೈಡನ್‌ವರೆಗೆ ಯಾವ ಅಧ್ಯಕ್ಷರೂ ದಾಟದ ಗೆರೆಯೊಂದಿತ್ತು. ಷೇರುಪೇಟೆ ನೋಡಿಕೊಳ್ಳುವ ಎಸ್‌ಇಸಿ, ಗ್ರಾಹಕರ ಪರ ಕಂಪನಿಗಳ ಮೇಲೆ ಕಣ್ಣಿಡುವ ಎಫ್‌ಟಿಸಿ, ದೂರಸಂಪರ್ಕದ ಎಫ್‌ಸಿಸಿಯಂಥ ಸ್ವತಂತ್ರ ಸಂಸ್ಥೆಗಳು ತಮ್ಮ ನಿಯಮಗಳನ್ನು ಒಐರಾಗೆ ಪರಿಶೀಲನೆಗೆ ಕಳುಹಿಸಬೇಕಿರಲಿಲ್ಲ. 2025ರ ಫೆಬ್ರುವರಿ 18ರ ಆದೇಶ 14215 ಆ ಗೆರೆ ಅಳಿಸಿತು. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಬಡ್ಡಿದರದ ತೀರ್ಮಾನಗಳಿಗೆ ವಿನಾಯಿತಿ ಇದೆ. ಅದೇ ಫೆಡ್ ಬ್ಯಾಂಕುಗಳ ಮೇಲ್ವಿಚಾರಣೆಗೆ ಮಾಡುವ ನಿಯಮಗಳಿಗಿಲ್ಲ. ಕಾನೂನಿನ ಅರ್ಥವೇನೆಂಬುದರಲ್ಲಿ ಅಧ್ಯಕ್ಷರು ಮತ್ತು ಅಟಾರ್ನಿ ಜನರಲ್ ಹೇಳಿದ್ದೇ ಆಡಳಿತಾಂಗಕ್ಕೆಲ್ಲ ಅಂತಿಮ ಎಂದೂ ಅದು ಹೇಳುತ್ತದೆ.

ಪರವಾಗಿರುವವರ ವಾದ ಸರಳ. ಸಂವಿಧಾನ ಕಾರ್ಯಾಂಗದ ಅಧಿಕಾರವನ್ನು ಕೊಟ್ಟಿರುವುದು ಒಬ್ಬ ಅಧ್ಯಕ್ಷರಿಗೆ. ಜನ ಮತ ಹಾಕುವುದು ಅವರಿಗೆ, ಆಯುಕ್ತರಿಗಲ್ಲ. ತಪ್ಪಾದರೆ ಯಾರನ್ನು ಕೇಳಬೇಕು ಎಂಬುದು ಸ್ಪಷ್ಟವಿರಬೇಕು. ಇದು ಬಲಪಂಥದವರ ಮಾತು ಮಾತ್ರವೂ ಅಲ್ಲ. ಕ್ಲಿಂಟನ್ ಶ್ವೇತಭವನದಲ್ಲಿ ಕೆಲಸ ಮಾಡಿದ್ದ ಎಲೆನಾ ಕೇಗನ್, ಅಧ್ಯಕ್ಷರು ಇಲಾಖೆಗಳನ್ನು ಹತ್ತಿರದಿಂದ ನಡೆಸಿದರೆ ಆಡಳಿತ ಹೆಚ್ಚು ಪಾರದರ್ಶಕವೂ ಪರಿಣಾಮಕಾರಿಯೂ ಆಗುತ್ತದೆಂದು 2001ರಲ್ಲಿ ವಾದಿಸಿದ್ದರು. ಈಗ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿರುವ ಅವರೇ, ಸ್ವತಂತ್ರ ಸಂಸ್ಥೆಗಳ ಸದಸ್ಯರನ್ನು ಅಧ್ಯಕ್ಷರು ತೆಗೆದುಹಾಕಲು 2025ರ ಮೇನಲ್ಲಿ ಕೋರ್ಟ್ ತಾತ್ಕಾಲಿಕವಾಗಿ ಅವಕಾಶ ಕೊಟ್ಟಾಗ ಭಿನ್ನಮತ ಬರೆದರು. ಇದನ್ನು ಬಣ್ಣ ಬದಲಿಸಿದ್ದು ಎನ್ನಲಾಗದು. ಇಲಾಖೆ ನಡೆಸುವುದೇ ಬೇರೆ, ಸಂಸತ್ತು ಬೇಕೆಂದೇ ದೂರವಿಟ್ಟ ಸಂಸ್ಥೆಯನ್ನು ಒಳಗೆಳೆಯುವುದೇ ಬೇರೆ.

ವಿರೋಧಿಸುವವರ ಆತಂಕವೂ ಇಲ್ಲೇ ಇದೆ. ಸ್ವತಂತ್ರ ಆಯೋಗದ ಸದಸ್ಯರನ್ನು ಸಕಾರಣವಿಲ್ಲದೆ ಕಿತ್ತುಹಾಕುವಂತಿಲ್ಲ ಎಂದು 1935ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಎಫ್‌ಟಿಸಿ ಸದಸ್ಯೆಯೊಬ್ಬರನ್ನು ತೆಗೆದ ಪ್ರಕರಣದಲ್ಲಿ ಆ ಹಳೆಯ ತೀರ್ಪಿನ ಅಳಿವು ಉಳಿವಿನ ವಾದವನ್ನು ಕೋರ್ಟ್ 2025ರ ಡಿಸೆಂಬರ್‌ನಲ್ಲಿ ಆಲಿಸಿತು. ನಿಯಮಕ್ಕೆ ಒಐರಾ ಒಪ್ಪಿಗೆ ಬೇಕು, ಒಪ್ಪದಿದ್ದರೆ ಕುರ್ಚಿಯೂ ಹೋಗಬಹುದು ಎಂದಾದರೆ ಬ್ಯಾಂಕನ್ನೋ ಷೇರು ದಲ್ಲಾಳಿಯನ್ನೋ ಹಿಡಿಯುವ ನಿಯಮದ ಭವಿಷ್ಯ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ಹಾಗೆ ಆಗದಿರಲಿ ಎಂದೇ ಇವನ್ನು ಬೇರೆಯಾಗಿ ಕಟ್ಟಿದ್ದು.

ಕೋರ್ಟಿನ ಕಟ್ಟೆ

ಅವಸರ ಮಾಡಿ ಕೆಟ್ಟ ಉದಾಹರಣೆಗಳಿಗೆ ಅಮೆರಿಕದಲ್ಲಿ ಕೊರತೆಯಿಲ್ಲ. ಕಾರುಗಳಲ್ಲಿ ಏರ್‌ಬ್ಯಾಗ್ ಅಥವಾ ಸ್ವಯಂಚಾಲಿತ ಸೀಟ್‌ಬೆಲ್ಟ್ ಇರಬೇಕೆಂಬ ನಿಯಮವನ್ನು ರೇಗನ್ ಸರ್ಕಾರ ರದ್ದು ಮಾಡಿತ್ತು. 1983ರಲ್ಲಿ ಸುಪ್ರೀಂ ಕೋರ್ಟ್, ರದ್ದತಿಗೂ ತರ್ಕಬದ್ಧ ಕಾರಣ ಬೇಕು ಎಂದು ಅದನ್ನು ತಳ್ಳಿಹಾಕಿತು. ಸರ್ಕಾರ ಬದಲಾಗಿದೆ ಎಂಬುದಷ್ಟೇ ಕಾರಣವಾಗಲಾರದು.

ಎಚ್‌-1ಬಿ ಇತಿಹಾಸದಲ್ಲೂ ಇದೇ ಪಾಠ ಎರಡು ಸಲ ಸಿಕ್ಕಿದೆ. 2020ರ ಅಕ್ಟೋಬರ್‌ನಲ್ಲಿ ಕೋವಿಡ್ ನಿರುದ್ಯೋಗದ ನೆಪ ಹೇಳಿ, ಆಕ್ಷೇಪಣೆ ಆಹ್ವಾನಿಸದೆಯೇ, ಎಚ್‌-1ಬಿ ಸಂಬಳದ ಮಟ್ಟ ಏರಿಸಿದ ನಿಯಮ ಹೊರಡಿಸಿದ್ದರು. ಡಿಸೆಂಬರ್ 1ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ, ಆಕ್ಷೇಪಣೆಯ ಹಂತ ದಾಟಲು ಇದು ಸಕಾರಣವಲ್ಲ ಎಂದು ರದ್ದು ಮಾಡಿತು. 2021ರ ಜನವರಿಯಲ್ಲಿ ಸಂಬಳದ ಆಧಾರದ ಲಾಟರಿ ನಿಯಮ ಬಂತು. ಅದಕ್ಕೆ ಒಪ್ಪಿಗೆ ಕೊಟ್ಟ ಆಂತರಿಕ ಭದ್ರತಾ ಇಲಾಖೆಯ ಹಂಗಾಮಿ ಮುಖ್ಯಸ್ಥರ ನೇಮಕವೇ ಕಾನೂನುಬದ್ಧವಾಗಿರಲಿಲ್ಲ ಎಂಬ ಕಾರಣಕ್ಕೆ ಅದೂ ಬಿತ್ತು. ಈ ಸಲ ಅದೇ ಬಗೆಯ ಆಲೋಚನೆಯನ್ನು 2025ರ ಜುಲೈನಲ್ಲೇ ಒಐರಾಗೆ ಕಳುಹಿಸಿ, ಕರಡು ಪ್ರಕಟಿಸಿ, ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮಗೊಳಿಸಿದ್ದರಲ್ಲಿ ಸುಟ್ಟ ಬೆರಳಿನ ನೆನಪು ಕಾಣುತ್ತದೆ.

ಆದರೂ ಅಡ್ಡದಾರಿಯ ಆಸೆ ಹೋಗಿಲ್ಲ. 2025ರ ಏಪ್ರಿಲ್ 9ರ ಜ್ಞಾಪನವೊಂದು, ಸುಪ್ರೀಂ ಕೋರ್ಟ್‌ನ ಹತ್ತು ತೀರ್ಪುಗಳಿಗೆ ವಿರುದ್ಧವೆಂದು ಕಾಣುವ ನಿಯಮಗಳನ್ನು ಸಾಧ್ಯವಿರುವಲ್ಲಿ ಆಕ್ಷೇಪಣೆ ಕೇಳದೆಯೇ ತೆಗೆಯಿರಿ ಎಂದು ಇಲಾಖೆಗಳಿಗೆ ಹೇಳಿತು. ಆ ಹತ್ತರಲ್ಲಿ ಒಂದು 2024ರ ಲೋಪರ್ ಬ್ರೈಟ್ ತೀರ್ಪು. ಕಾಯ್ದೆಯ ಮಾತು ಅಸ್ಪಷ್ಟವಿದ್ದಾಗ ಇಲಾಖೆಯ ಅರ್ಥವನ್ನೇ ಒಪ್ಪುವ ನಲವತ್ತು ವರ್ಷದ ರೂಢಿಗೆ ಅದು ಕೊನೆ ಹಾಡಿತು. ನಿಯಮ ವಿರೋಧಿಗಳು ಇದನ್ನು ಸಂಭ್ರಮಿಸಿದರು. ಕತ್ತಿಗೆ ಎರಡು ಅಲಗು: ನಿಯಮ ಸಡಿಲಿಸುವಾಗ ಟ್ರಂಪ್ ಇಲಾಖೆಗಳು ಕೊಡುವ ಹೊಸ ಅರ್ಥಕ್ಕೂ ಈಗ ಕೋರ್ಟ್ ತಲೆದೂಗಬೇಕಿಲ್ಲ.

ಕಡತ ಈಗ ಯಾರ ಮೇಜಿನಲ್ಲಿ?

ಈ ಆದೇಶಗಳ ಆಯಸ್ಸು ಮುಂದೆ ಬರುವ ಅಧ್ಯಕ್ಷರು ಅವನ್ನು ಕಿತ್ತುಹಾಕುವವರೆಗೆ ಮಾತ್ರ. ಹತ್ತಕ್ಕೆ ಒಂದು ಎಂಬ ಲೆಕ್ಕವನ್ನು 2029ರ ಜನವರಿಯಲ್ಲಿ ಬರುವವರು ಒಂದೇ ಸಹಿಯಲ್ಲಿ ಅಳಿಸಬಹುದು. ಆದರೆ ಅಷ್ಟರಲ್ಲಿ ಸರಿಯಾದ ದಾರಿಯಲ್ಲಿ ರದ್ದಾದ ನಿಯಮವನ್ನು ಮರಳಿ ತರಲು ಅವರೂ ಕರಡು, ಆಕ್ಷೇಪಣೆ, ಒಐರಾ, ಕೋರ್ಟು ಎಲ್ಲ ದಾಟಬೇಕು. ಸ್ವತಂತ್ರ ಸಂಸ್ಥೆಗಳನ್ನು ಬಾಗಿಲೊಳಗೆ ತಂದ ಆದೇಶದ ಹಣೆಬರಹ ಬೇರೆಯಾಗಬಹುದು. ಕೈಗೆ ಬಂದ ಕೀಲಿಯನ್ನು ಮುಂದಿನ ಡೆಮಾಕ್ರಟ್ ಅಧ್ಯಕ್ಷರೂ ಬಿಟ್ಟುಕೊಡುವರೆಂಬ ಭರವಸೆ ಕ್ಲಿಂಟನ್ ಕಥೆ ಓದಿದವರಿಗೆ ಹುಟ್ಟುವುದಿಲ್ಲ.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಲ್ಲಿ ಪ್ರತಿ ಸಹಿಗೂ ಎದೆ ಹೊಡೆದುಕೊಳ್ಳುತ್ತದೆ. ಸುದ್ದಿ ಬಂದಾಗ ಮೊದಲು ಕೇಳಬೇಕಾದದ್ದು ಈ ಕಾಗದ ಘೋಷಣೆಯೋ, ಆದೇಶವೋ, ನಿಯಮವೋ ಎಂದು. ಘೋಷಣೆಯಾದರೆ ಆತಂಕಕ್ಕೆ ಕಾರಣವಿದೆ, ಅದು ನಾಳೆಯೇ ಜಾರಿಯಾಗಬಹುದು. ಆದೇಶವಾದರೆ ಸಾಮಾನ್ಯವಾಗಿ ತಿಂಗಳುಗಳ ವ್ಯವಧಾನವಿದೆ. ಒಐರಾ ಮುಂದೆ ಯಾವ ಕಡತ ಯಾವ ದಿನ ಬಂತು, ಇನ್ನೂ ಇದೆಯೋ ಹೋಯಿತೋ ಎಂಬ ಪಟ್ಟಿ ಅವರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಎಚ್‌-4 ನಿಯಮದ ವಿರುದ್ಧ ಹೂಡಿದ್ದ ಹಳೆಯ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ನಿರಾಕರಿಸಿತು. ಸರ್ಕಾರವೇ ಅದನ್ನು ತೆಗೆಯಹೊರಟರೆ ಮೊದಲ ಸುಳಿವು ಸಿಗುವುದು ಟಿವಿಯಲ್ಲಲ್ಲ, ಆ ಪಟ್ಟಿಯ ಒಂದು ಸಾಲಿನಲ್ಲಿ.